ಕಾಸರಗೋಡಿನವರು ಟಿವಿಯಲ್ಲಿ ಯಾವ ಭಾಷೆ ಮಾತಾಡ್ತಾರೆ?

ಧಾರಾವಾಹಿಗಳಲ್ಲಿ, ಹಾಡಿನ ವಿಡಿಯೋಗಳಲ್ಲಿ ಊರು, ಜನ ಹೇಗೆ ಕಾಣಿಸುತ್ತಾರೆ ಅಂತ ಅಧ್ಯಯನ ಮಾಡುತ್ತಿದ್ದೀರಿ, ನಿಮ್ಮ ಕಾಸರಗೋಡಿನ ಕಥೆ ಏನು ಅಂತ ಕೇಳಿದಿರಿ. ಟಿವಿ ಆಮೇಲೆ. ಮೊದಲು ನಮ್ಮ ಬಸ್ಸು ಹತ್ತಿ.

ಕಾಸರಗೋಡಿನಿಂದ ಬದಿಯಡ್ಕಕ್ಕೆ ಹೊರಟ ಬಸ್ಸು. ಕಂಡಕ್ಟರ್ "ಎವಿಡೆ?" ಅಂತ ಮಲಯಾಳದಲ್ಲಿ ಕೇಳುತ್ತಾನೆ. "ಬದಿಯಡ್ಕ, ಎರಡು" ಅಂತ ನಾನು ಕನ್ನಡದಲ್ಲಿ ಹೇಳುತ್ತೇನೆ. ಚಿಲ್ಲರೆ ಮಲಯಾಳದಲ್ಲೇ ಎಣಿಸಿ ಕೊಡುತ್ತಾನೆ. ಹಿಂದಿನ ಸೀಟಿನ ಹೆಂಗಸು ಫೋನಿನಲ್ಲಿ ತುಳು. ಅಡ್ಡ ಬಂದ ಸ್ಕೂಟರಿನವನಿಗೆ ಡ್ರೈವರ್ ಬೈದದ್ದೂ ತುಳುವಿನಲ್ಲಿ. ಬೈಗುಳಕ್ಕೆ ತುಳು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಇಷ್ಟು ಹೊತ್ತಿನಲ್ಲಿ ಮೂರು ಭಾಷೆ ಆಯ್ತು ಅಂತ ಬಸ್ಸಿನಲ್ಲಿ ಯಾರಿಗೂ ಅನ್ನಿಸಿರುವುದಿಲ್ಲ. ನಮ್ಮ ಮನೆಯಲ್ಲಿ ತುಳು, ನಾನು ಓದಿದ್ದು ಕನ್ನಡ ಶಾಲೆ, ಅಂಗಡಿಯಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ. ಕೊಂಕಣಿ, ಮರಾಠಿ, ಉರ್ದು ಸೇರಿಸಿ ಸಭೆಗಳಲ್ಲಿ ಇದನ್ನು "ಸಪ್ತಭಾಷಾ ಸಂಗಮ ಭೂಮಿ" ಅನ್ನುತ್ತಾರೆ. ಬಸ್ಸಿನಲ್ಲಿ ಆ ಹೆಸರು ಯಾರೂ ಹೇಳುವುದಿಲ್ಲ, ಸುಮ್ನೆ ಮಾತಾಡುತ್ತಾರೆ ಅಷ್ಟೆ.

1956ರ ನವೆಂಬರ್ 1ಕ್ಕೆ ನಾವು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು, ಸೇರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆ ಆಯ್ತು. ಈ ಕಥೆ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತದೆ.

ಈಗ ಟಿವಿ. ನಮ್ಮ ಮನೆಗೆ ಎರಡೂ ಕಡೆಯ ಚಾನೆಲ್ ಬರುತ್ತದೆ. ಎರಡರಲ್ಲೂ ಒಂದು ಮನೆಯವರೆಲ್ಲ ಒಂದೇ ಭಾಷೆ ಮಾತಾಡುತ್ತಾರೆ. ಬೇರೆ ಥರ ಮಾತಾಡುವವನು ಬಂದ ಅಂದರೆ ನಗಿಸಲಿಕ್ಕೆ ಬಂದ ಅಂತಲೇ ಅರ್ಥ. ಬೆಂಗಳೂರಿನ ಧಾರಾವಾಹಿಯಲ್ಲಿ "ಎಂತ ಮಾರಾಯ್ರೆ" ಅನ್ನುವವನು ಹೆಚ್ಚಾಗಿ ಅಡುಗೆ ಭಟ್ಟ. ನಮ್ಮ "ಉಂಟು" ಅವರಿಗೆ ಜೋಕು. ಮಲಯಾಳದ ಕಡೆ ಹೋದರೆ ಅಲ್ಲಿ ಕಾಸರಗೋಡು ಅಂದರೆ ಶಿಕ್ಷೆಯ ವರ್ಗಾವಣೆ. ಮೇಲಿನವರನ್ನು ಎದುರು ಹಾಕಿಕೊಂಡ ಪೊಲೀಸನನ್ನೋ ಗುಮಾಸ್ತನನ್ನೋ ಎಸೆಯುವ ಜಾಗ. ಅವನು ಪೆಟ್ಟಿಗೆ ಹಿಡಿದು ಹೊರಡುವುದನ್ನು ತೋರಿಸುತ್ತಾರೆ. ಇಲ್ಲಿ ಬಂದು ಇಳಿದ ಮೇಲೆ ಯಾರ ಹತ್ತಿರ ಏನು ಮಾತಾಡಿದ ಅಂತ ತೋರಿಸುವುದಿಲ್ಲ. ಅವನಿಗೆ ಟೀ ಕೊಟ್ಟವನು ನಾನೇ ಇರಬಹುದು ಅಲ್ವಾ?

ಅದಕ್ಕೇ ಹೇಳುವುದು, ನಮ್ಮ ಊರನ್ನು ಕಣ್ಣಿಂದ ನೋಡಿದರೆ ಸಾಲದು, ಕಿವಿ ಕೊಟ್ಟು ನೋಡಿ.

ಬೇಕಲ ಕೋಟೆಯನ್ನೇ ತಗೊಳ್ಳಿ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ. ಊರಿನ ಹೊರಗೆ ಅದು ಹೆಸರಾದದ್ದು 1995ರಲ್ಲಿ, ಮಣಿರತ್ನಂ "ಬಾಂಬೆ" ಸಿನಿಮಾದ "ಉಯಿರೇ" ಹಾಡನ್ನು ಅಲ್ಲಿ ತೆಗೆದ ಮೇಲೆ. ಆ ಹಾಡನ್ನು ನೀವೂ ನೋಡಿರುತ್ತೀರಿ: ಮಳೆಗಾಲದ ಮೋಡ, ಬುರುಜಿಗೆ ಬಡಿಯುವ ಅಲೆ, ಕಾಯುತ್ತಿರುವ ಹುಡುಗ. ಕಥೆಯಲ್ಲಿ ಅವನ ಊರು ತಮಿಳುನಾಡಿನ ತಿರುನೆಲ್ವೇಲಿ ಕಡೆ. ಕೋಟೆಗೆ ಅಲ್ಲಿ ಹೆಸರಿಲ್ಲ. ಆದರೆ ನಮ್ಮವರು ಗುರುತು ಹಿಡಿಯುವುದು ಕಲ್ಲಿನಿಂದ. ಆ ತೂತು ತೂತಿನ, ಒದ್ದೆಯಾದರೆ ಕಪ್ಪಗಾಗುವ ಕಲ್ಲು ನಮ್ಮ ಮುರಕಲ್ಲು. ನಮ್ಮ ಮನೆ ಗೋಡೆಯೂ ಅದೇ, ಬಾವಿಕಟ್ಟೆಯೂ ಅದೇ. ಕನ್ನಡ ನಾಯಕ ಕಟ್ಟಿಸಿದ್ದು, ಕೇರಳದಲ್ಲಿ ಇರುವುದು, ತಮಿಳು ಹಾಡಿನಿಂದ ದೇಶಕ್ಕೆ ಗೊತ್ತಾದದ್ದು, ಹಿಂದಿಯವರಿಗೆ "ತೂ ಹಿ ರೇ". ಈಗ ಬರುವ ಪ್ರವಾಸಿಗಳಿಗೆ ಶಿವಪ್ಪ ನಾಯಕ ಬೇಡ. ಸಮುದ್ರಕ್ಕೆ ಚಾಚಿಕೊಂಡ ಆ ಬುರುಜು ಎಲ್ಲಿ ಅಂತ ಕೇಳುತ್ತಾರೆ. ನನಗೆ ಬೇಸರ ಏನಿಲ್ಲ, ಹಾಡು ನನಗೂ ಇಷ್ಟ. ಜಾಗ ಬಂತು, ಜಾಗದವರು ಬರಲಿಲ್ಲ. ನಿಮ್ಮ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಹತ್ತಿರ ಇಲ್ಲ.

ಅಮ್ಮನ ವಿಷಯ ಬೇರೆಯೇ. 2018ರಲ್ಲಿ ಸ್ಟಾರ್ ಸುವರ್ಣದಲ್ಲಿ "ಮುದ್ದುಲಕ್ಷ್ಮಿ" ಶುರುವಾಯ್ತಲ್ಲ, ಅದು ಏಷ್ಯಾನೆಟ್‌ನ "ಕರುತ್ತಮುತ್ತ್" ಕಥೆಯ ರೀಮೇಕ್. ಕಪ್ಪು ಬಣ್ಣದ ಹುಡುಗಿಯ ಕಷ್ಟದ ಕಥೆ. ಅಮ್ಮ ಮಲಯಾಳದಲ್ಲಿ ಮೊದಲೇ ನೋಡಿದ್ದರು. ಕನ್ನಡದ್ದನ್ನು ನೋಡಿ ಅಜ್ಜಿ ಕಣ್ಣು ಒರೆಸಿಕೊಳ್ಳುವಾಗ ಅಮ್ಮ ಪಕ್ಕದಲ್ಲಿ ಬೀನ್ಸ್ ಮುರಿಯುತ್ತಾ "ನಾಳೆ ಇನ್ನೂ ಉಂಟು ನೋಡಿ" ಅಂತ ಹೆದರಿಸುತ್ತಿದ್ದರು. ಭಾಷೆ ಬದಲಾಯ್ತು, ಸೀರೆ ಬದಲಾಯ್ತು, ಹುಡುಗಿಯ ಬಣ್ಣಕ್ಕೆ ಅತ್ತೆಮನೆ ಮುಖ ಸಿಂಡರಿಸುವುದು ಮಾತ್ರ ಗಡಿ ದಾಟಿ ಹಾಗೇ ಬಂತು. ತಲಪಾಡಿ ಚೆಕ್‌ಪೋಸ್ಟಿನಲ್ಲಿ ಅದನ್ನು ಯಾರೂ ತಡೆಯುವುದಿಲ್ಲ.

ನಮ್ಮ ಹೆಸರು ಹೊತ್ತ ಸಿನಿಮಾ ಬಂದಿಲ್ಲವಾ ಅಂತ ಕೇಳಬಹುದು. ಬಂದಿದೆ. 2018ರಲ್ಲಿ ರಿಷಬ್ ಶೆಟ್ಟಿಯವರ "ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು" ಬಂತು, ಮಕ್ಕಳ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡ ಮಾಧ್ಯಮದ ಮಕ್ಕಳ ಎದುರು ಕನ್ನಡ ಬಾರದ ಮೇಷ್ಟ್ರನ್ನು ತಂದು ನಿಲ್ಲಿಸುವುದು ಇಲ್ಲಿ ನಿಜವಾಗಿ ನಡೆಯುವ ಸಂಗತಿ. ಅದನ್ನು ಒಂದು ಇಡೀ ರಾಜ್ಯ ಥಿಯೇಟರಿನಲ್ಲಿ ಕೂತು ನೋಡಿತು ಅನ್ನುವುದು ನಮಗೆ ಸಣ್ಣ ಮಾತಲ್ಲ. ಆದರೂ ನನ್ನದೊಂದು ತಕರಾರು ಇದೆ. ಅದರಲ್ಲಿ ಕನ್ನಡ ಒಂದು ಕಡೆ, ಮಲಯಾಳ ಇನ್ನೊಂದು ಕಡೆ ನಿಂತು ಜಗಳ ಆಡುತ್ತವೆ. ನಮ್ಮಲ್ಲಿ ಆ ಜಗಳ ಆಡಿ ಬಂದವನೇ ಸಂಜೆ ಮಲಯಾಳದಲ್ಲಿ ಮೀನಿಗೆ ಚೌಕಾಸಿ ಮಾಡುತ್ತಾನೆ.

ಅತ್ತ ಮಲಯಾಳದಲ್ಲಿ 2022ರ "ನ್ನಾ ತಾನ್ ಕೇಸ್ ಕೊಡ್" ಬಂತು. ಅದರ ನಾಯಕ ನಟ ಕುಂಚಾಕೋ ಬೋಬನ್ ಉತ್ಸವದ ಗದ್ದೆಯಲ್ಲಿ ಹಳೆಯ ಸಿನಿಮಾ ಹಾಡಿಗೆ ಕುಣಿದ ವಿಡಿಯೋ ನಿಮ್ಮ ಫೋನಿಗೂ ಬಂದಿರಬೇಕು. ಕಾಸರಗೋಡಿನ ಮಾತನ್ನು ಜೋಕು ಮಾಡದೆ ಆಡಿದ್ದಾರೆ, ಊರಿನವರನ್ನೇ ಪಾತ್ರಗಳಿಗೆ ಹಾಕಿಕೊಂಡಿದ್ದಾರೆ. ನೋಡುವಾಗ ಖುಷಿಯಾಯ್ತು. ಆದರೆ ಅದು ಜಿಲ್ಲೆಯ ದಕ್ಷಿಣದ ತುದಿ, ಅಲ್ಲಿ ಮಲಯಾಳವೇ ಮನೆಮಾತು. ಚಂದ್ರಗಿರಿಯ ಈಚೆಗಿನ ನಮ್ಮ ಬಸ್ಸು ಅಲ್ಲೂ ಬರಲಿಲ್ಲ.

ಇನ್ನೊಂದು ಚಿತ್ರ ಉಂಟು. ಹೇಳಲಿಕ್ಕೆ ಮನಸ್ಸಿಲ್ಲ, ಬಿಡಲಿಕ್ಕೂ ಆಗುವುದಿಲ್ಲ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಹೊಡೆದರು. 2000ದವರೆಗೂ ಹೊಡೆದರು. ಆಮೇಲೆ ಕ್ಯಾಮೆರಾಗಳು ಬಂದವು. ಬರಬೇಕಿತ್ತು, ಬಂದದ್ದರಿಂದಲೇ ಸುದ್ದಿಯಾಯ್ತು. ಆದರೆ ಎಷ್ಟೋ ವರ್ಷ, ಆ ವಿಷದ ಪೆಟ್ಟು ತಿಂದ ನಮ್ಮ ಎಣ್ಮಕಜೆ ಅಂದರೆ ಟಿವಿಯಲ್ಲಿ ಒಂದೇ ಚಿತ್ರ: ಚಾಪೆಯ ಮೇಲೆ ಮಗು, ಪಕ್ಕದಲ್ಲಿ ತಾಯಿ, ಕೆಳಗೆ ದುಃಖದ ಸಂಗೀತ. ಆ ತಾಯಿ ತುಳುವಿನಲ್ಲೋ ಕನ್ನಡದಲ್ಲೋ ಹೇಳಿದ ಮಾತಿನ ಮೇಲೆ ವರದಿಗಾರನ ದನಿ ಹತ್ತಿ ಕೂತಿರುತ್ತಿತ್ತು.

ಇಲ್ಲಿಗೆ ಬರುವುದಾದರೆ ಜುಲೈಯಲ್ಲಿ ಬನ್ನಿ. ಡ್ರೋನ್ ಬೇಡ. ಡ್ರೋನಿಗೆ ಹಸಿರು ಗುಡ್ಡ ಕಾಣುತ್ತದೆ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗ ಕಾಣುವುದಿಲ್ಲ. ನಾವು ನೀರು ಕುಡಿಯುವುದು ಅದರಿಂದ. ಒಂದು ರೆಕಾರ್ಡರ್ ತನ್ನಿ ಸಾಕು.

ಮತ್ತೆ ತಪ್ಪೆಲ್ಲ ಹೊರಗಿನವರದ್ದೇ ಅಂತ ಬರೆದುಬಿಡಬೇಡಿ. ಈಗ ಮದುವೆಗೆ ಮೊದಲು ನಾವೇ ನಮ್ಮ ಹಾಡಿನ ವಿಡಿಯೋ ಮಾಡಿಸಿಕೊಳ್ಳುತ್ತೇವೆ. ರಾಣಿಪುರ, ಪೊಸಡಿಗುಂಪೆ, ಬೇಕಲ. ಹೋದ ವರ್ಷ ನನ್ನ ತಮ್ಮನದ್ದೂ ಆಯ್ತು, ಅದೇ ಬುರುಜಿನ ಮೇಲೆ. ಹಿನ್ನೆಲೆಗೆ ತಮಿಳು ಹಾಡು. ಹುಡುಗಿ ಪೆರ್ಲದ ಕಡೆಯವಳು, ಇಬ್ಬರೂ ದಿನಾ ಫೋನಿನಲ್ಲಿ ಗಂಟೆಗಟ್ಟಲೆ ತುಳು ಮಾತಾಡುವವರು. ವಿಡಿಯೋದಲ್ಲಿ ನಡೆಯುತ್ತಾರೆ, ತಿರುಗುತ್ತಾರೆ, ಸಮುದ್ರ ನೋಡುತ್ತಾರೆ. ಅಜ್ಜಿಗೆ ಫೋನಿನಲ್ಲಿ ತೋರಿಸಿದೆವು. ಎರಡು ಸಲ ನೋಡಿ ಕೇಳಿದರು, "ಆಯೆ ದಾಯೆಗ್ ಪಾತೆರುಜೆ?" ಅವನು ಯಾಕೆ ಮಾತಾಡುವುದಿಲ್ಲ ಅಂತ. ತಮ್ಮ ಹೇಳಿದ, ಅಲ್ಲಿ ಗಾಳಿ ಜಾಸ್ತಿ ಅಜ್ಜಿ, ಮೈಕ್ ಹಾಕಿರಲಿಲ್ಲ.