ಮಂಚದಿಂದ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ 'ಒಳಾಂಗಣ ವಿನ್ಯಾಸದ ಏಳು ತತ್ವಗಳು' ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲ ಮೂರು ಪುಟಗಳಲ್ಲಿ ಸಮತೋಲನ, ಲಯ, ಸಾಮರಸ್ಯ, ಪ್ರಮಾಣಬದ್ಧತೆ ಎಲ್ಲ ಇವೆ. ಕೂರಲು ಒಂದು ಕುರ್ಚಿ ಮಾತ್ರ ಇಲ್ಲ. ಮನೆ ಕಟ್ಟಿಸುವವರು ಮೇಸ್ತ್ರಿ ಹತ್ತಿರ 'ಪ್ರಮಾಣಬದ್ಧತೆ ಇರಲಿ' ಅನ್ನುವುದಿಲ್ಲ, ಅಲ್ವಾ? 'ಅಳತೆ ನೋಡ್ಕೊಳ್ಳಪ್ಪ' ಅನ್ನುತ್ತಾರೆ.

ನಾಲ್ಕನೇ ಪುಟದಲ್ಲಿ ಎರಡು ಸಾಲು ಸಿಕ್ಕಿದವು. ನಿಮ್ಮ 10 ಅಡಿಗೆ 10 ಅಡಿ ಕೋಣೆಗೆ ದೊಡ್ಡ ಮಂಚ ತಂದಿರಿ, ಈಗ ಬೀರುವಿನ ಬಾಗಿಲು ಅದಕ್ಕೆ ತಗುಲುತ್ತದೆ. ಅಷ್ಟು ಹೇಳಿ ಮುಂದೆ ಓಡಿದ್ದೀರಿ. ಅಯ್ಯೋ, ಅಲ್ಲೇ ನಿಲ್ಲಬೇಕಿತ್ತು! ಲೆಕ್ಕ ಹಾಕಿ ತೋರಿಸಿ. ಅಂಥ ಮಂಚ 6 ಅಡಿ ಅಗಲ, ಆರೂವರೆ ಅಡಿ ಉದ್ದ. ಕಾಲಿನ ಕಡೆ ಉಳಿಯುವುದು ಮೂರೂವರೆ ಅಡಿ. ಬೀರುವಿಗೆ 2 ಅಡಿ ಹೋಯಿತು. ಮಿಕ್ಕ ಒಂದೂವರೆ ಅಡಿಯಲ್ಲಿ ಬಾಗಿಲೂ ತೆರೆಯಬೇಕು, ಮನುಷ್ಯನೂ ನಿಲ್ಲಬೇಕು. ಅದೇ 5 ಅಡಿ ಅಗಲದ ಮಂಚವನ್ನು ಒಂದು ಪಕ್ಕದ ಗೋಡೆಗೆ ಒತ್ತಿಟ್ಟು, ಬೀರುವನ್ನು ಎದುರು ಗೋಡೆಗೆ ನಿಲ್ಲಿಸಿ ನೋಡಿ. ನಡುವೆ 3 ಅಡಿ ದಾರಿ. ಓಡಾಡಲು ಅಷ್ಟು ಸಾಕು. ಗೋಡೆ ಪಕ್ಕ ಮಲಗುವವರು ರಾತ್ರಿ ಏಳಬೇಕಾದರೆ ಇನ್ನೊಬ್ಬರನ್ನು ದಾಟಬೇಕು, ಅದನ್ನೂ ಮುಚ್ಚಿಡದೆ ಬರೆಯಿರಿ.

'ಬಿಳಿ ಬಳಿದರೆ ಸಣ್ಣ ಕೋಣೆ ದೊಡ್ಡದಾಗುತ್ತದೆ' ಎಂದಿದ್ದೀರಿ. ಅರ್ಧ ನಿಜ. ದೀಪದ ಮಾತೇ ಎತ್ತಿಲ್ಲವಲ್ಲ? ಅದೇ ಬಿಳಿ ಗೋಡೆ 6500 ಕೆಲ್ವಿನ್ ಬಲ್ಬಿನ ಕೆಳಗೆ ಆಸ್ಪತ್ರೆಯ ವಾರ್ಡು. 3000 ಕೆಲ್ವಿನ್ ಹಾಕಿದರೆ ಬೆಣ್ಣೆ ಬಣ್ಣ. ಬೆಳಕಿನ ಬಣ್ಣ ಹೇಳುವ ಈ ಸಂಖ್ಯೆ ಸಾಮಾನ್ಯವಾಗಿ ಬಲ್ಬಿನ ಡಬ್ಬಿಯ ಮೇಲೇ ಇರುತ್ತದೆ, ಯಾರೂ ನೋಡುವುದಿಲ್ಲ.

'ನಮ್ಮ ಹಿರಿಯರಿಗೆ ವಿನ್ಯಾಸದ ಅರಿವಿರಲಿಲ್ಲ' ಅನ್ನುವ ಸಾಲನ್ನು ಹೊಡೆದುಹಾಕಿದ್ದೇನೆ. ಓದಿ ಕೋಪವೂ ಬಂತು. ಬೇಸಿಗೆಯ ಮಧ್ಯಾಹ್ನ ಒಂದು ಹಳೇ ತೊಟ್ಟಿ ಮನೆಯಲ್ಲಿ ಸುಮ್ನೆ ಕೂತು ಬನ್ನಿ. ನಡುವಿನ ತೆರೆದ ತೊಟ್ಟಿಯಿಂದ ಸುತ್ತಲಿನ ಪಡಸಾಲೆಗೆ ಬೆಳಕು ಬರುತ್ತದೆ, ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಫ್ಯಾನಿಲ್ಲದ ಕಾಲದ ಲೆಕ್ಕ ಅದು.

ಏಳು ತತ್ವ ಬಿಡಿ. ಆ ಒಂದೇ ಕೋಣೆಯ ಬಗ್ಗೆ ಎರಡು ಪುಟ ಬರೆದು ಕಳಿಸಿ. ಜೊತೆಗೆ ಕೈಯಲ್ಲೇ ಗೀಚಿದ ನಕ್ಷೆ ಇರಲಿ, ಅಳತೆ ಟೇಪಿನಲ್ಲಿ ಹಿಡಿದದ್ದಾಗಿರಲಿ. ಹಾಗೇ, ಕೊನೆಗೆ ಆ ಮಂಚ ಏನಾಯಿತು ಅಂತ ನೀವು ಹೇಳಲೇ ಇಲ್ಲ.