ಕುಗ್ಗಿದ ಕಾರುಗಳ ಲೇಖನ: ಬರಹಗಾರರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ದೊಡ್ಡ ಸೆಡಾನ್ ಕಾರುಗಳು ಗಾತ್ರ ಕಳೆದುಕೊಂಡ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಭಾಷೆ ಚೆನ್ನಾಗಿದೆ, ತೊಡಕಿರುವುದು ವಾದದಲ್ಲಿ.

1975ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಇಂಧನ ಮಿತವ್ಯಯದ ಕಾನೂನೇ ಜನರಲ್ ಮೋಟರ್ಸ್‌ನ ಕೈ ತಿರುಚಿ ಕಾರುಗಳನ್ನು ಕುಗ್ಗಿಸಿತು ಎನ್ನುತ್ತೀರಿ. ಆ ಕಂಪನಿಯ ಹೊಸ ಶೆವರ್ಲೆ ಇಂಪಾಲಾ ಮತ್ತು ಕ್ಯಾಪ್ರಿಸ್‌ಗಳು 1977ರ ಮಾದರಿಗಳಾಗಿ 1976ರ ಶರತ್ಕಾಲದಲ್ಲೇ ಮಾರಾಟಕ್ಕೆ ಬಂದವು. ಒಂದು ಕಾರು ನಕ್ಷೆಯಿಂದ ಕಾರ್ಖಾನೆಗೆ ಇಳಿಯಲು ವರ್ಷಗಳೇ ಬೇಕಾಗುತ್ತಿದ್ದಾಗ, ವರ್ಷವೂ ತುಂಬದ ಕಾನೂನು ಅದನ್ನು ಹುಟ್ಟಿಸಿರಲಾರದು. ಆ ಕಾನೂನು ಮುಂದಿನ ಕಾರುಗಳನ್ನು ಹಿಂಡಿತು: 1978ರ ಮಾದರಿಗಳಿಗೆ ಗ್ಯಾಲನ್ನಿಗೆ ಸರಾಸರಿ 18 ಮೈಲಿ, 1985ರ ಹೊತ್ತಿಗೆ 27.5 ಮೈಲಿ ಎಂಬುದು ಅದರ ಷರತ್ತು. ಮೊದಲ ಸುತ್ತಿನ ಕುಗ್ಗುವಿಕೆಯ ಬೇರು, ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದ 1973ರ ಅಕ್ಟೋಬರ್‌ನ ನಿರ್ಬಂಧದ ಕಡೆಗಿದೆ. ಅದಕ್ಕೆ ನೀವು ಕೊಟ್ಟಿರುವುದು ಅರ್ಧ ವಾಕ್ಯ.

ಕುಗ್ಗಿದ ಕಾರಿಗೆ ನೀವು ಕೊಟ್ಟ ‘ಬಡಕಲಾದ ಆನೆ’ ಎಂಬ ಹೋಲಿಕೆಯನ್ನೂ ಬಿಡಿ. ಕ್ಯಾಪ್ರಿಸ್ ಉದ್ದದಲ್ಲಿ ಸುಮಾರು 10 ಇಂಚು, ತೂಕದಲ್ಲಿ ಸುಮಾರು 300 ಕಿಲೋ ಇಳಿದರೂ, ಒಳಗೆ ಕೂತವರ ತಲೆಯ ಮೇಲಿನ ಜಾಗ ಮತ್ತು ಸಾಮಾನಿಡುವ ಡಿಕ್ಕಿಯ ಜಾಗ ಎರಡೂ ಹಿಂದಿಗಿಂತ ಹೆಚ್ಚಾದವು. ನಿಮ್ಮ ಲೇಖನದ ನಿಜವಾದ ಕಥೆ ಇದೇ, ಆದರೆ ಇದರ ಪ್ರಸ್ತಾಪವೇ ಅದರಲ್ಲಿಲ್ಲ. ‘ಚಿಕ್ಕದು’ ಎಂದಾಗ ಅಂಬಾಸಿಡರ್ ಕಂಡಿರುವ ನಮ್ಮ ಓದುಗರು ಮಾರುತಿಯನ್ನು ನೆನೆದಾರು. ಕುಗ್ಗಿದ ಮೇಲೂ ಆ ಕಾರು ಅಂಬಾಸಿಡರ್‌ಗಿಂತ ಮೂರಡಿಗೂ ಹೆಚ್ಚು ಉದ್ದವಿತ್ತು ಎಂದು ಹೇಳಿದರೆ ಅಳತೆ ಕಣ್ಣಿಗೆ ಕಟ್ಟುತ್ತದೆ. ತನ್ನ ಕಾರು ಈಗಲೂ ದೊಡ್ಡದೆಂದು ಜಾಹೀರಾತಿನಲ್ಲಿ ಬೀಗಿದ್ದ ಫೋರ್ಡ್ ಕೂಡ 1979ರಲ್ಲಿ ಎಲ್‌ಟಿಡಿ ಎಂಬ ಆ ಕಾರನ್ನು ಕುಗ್ಗಿಸಿತು.

ನಿಮ್ಮ ಮರುಕಕ್ಕೆ ತಕ್ಕ ಜಾಗ 1985. ಜನರಲ್ ಮೋಟರ್ಸ್‌ನವೇ ಆದ ಮುಂಚಕ್ರ ಚಾಲನೆಯ ಕ್ಯಾಡಿಲಾಕ್ ಡಿ ವಿಲ್, ಬ್ಯೂಕ್ ಎಲೆಕ್ಟ್ರಾ, ಓಲ್ಡ್ಸ್‌ಮೊಬೈಲ್ ನೈಂಟಿ ಏಟ್ ಮೂರೂ ಒಂದೇ ಅಚ್ಚಿನವು; ಯಾವುದು ದುಬಾರಿ, ಯಾವುದು ಅಗ್ಗ ಎಂಬುದು ದೂರದಿಂದ ತಿಳಿಯದು. ಕ್ಯಾಡಿಲಾಕನ್ನು ಕೊಳ್ಳುವುದೇ ನಾಲ್ಕು ಜನ ಗುರುತಿಸಲಿ ಎಂದಲ್ಲವೇ? ಅದರ ಪೈಪೋಟಿಯ ಕಾರಾದ ಫೋರ್ಡ್‌ನ ಲಿಂಕನ್ ಟೌನ್ ಕಾರ್‌ನವರು ಈ ಗೊಂದಲವನ್ನೇ ಗೇಲಿ ಮಾಡಿ ಜಾಹೀರಾತು ಹೊರಡಿಸಿದರು.

ಕೊನೆಯ ಪುಟದ ಹಳಹಳಿಕೆಯನ್ನು ತೆಗೆದು, ಅಲ್ಲಿ ಕ್ಯಾಪ್ರಿಸ್ ತಯಾರಾಗುತ್ತಿದ್ದ ಟೆಕ್ಸಾಸ್‌ನ ಆರ್ಲಿಂಗ್ಟನ್ ಕಾರ್ಖಾನೆಯನ್ನು ತನ್ನಿ: 1996ರಲ್ಲಿ ಕ್ಯಾಪ್ರಿಸ್ ತಯಾರಿಕೆ ನಿಂತ ಮೇಲೆ ಅಲ್ಲಿ ತಯಾರಾಗತೊಡಗಿದ್ದು ಅದಕ್ಕಿಂತಲೂ ಭಾರವಾದ ಎಸ್‌ಯುವಿಗಳು. ತಿದ್ದಿದ ಪ್ರತಿಯನ್ನು ಮುಂದಿನ ತಿಂಗಳೊಳಗೆ ಕಳುಹಿಸಿದರೆ ಮತ್ತೆ ಓದುತ್ತೇನೆ.

ಇಂತು,
ಸಂಪಾದಕ