ಆಂಬುಲೆನ್ಸ್ ಕೆಲಸಕ್ಕೆ ಸೇರುವ ಮೊದಲು ಯಾವ ಯೋಗ ಕಲಿಯಬೇಕು?

ಉಡುಪಿಯಲ್ಲಿ ಇಎಂಟಿ (ಆಂಬುಲೆನ್ಸ್‌ನಲ್ಲಿ ರೋಗಿಯನ್ನು ನೋಡಿಕೊಳ್ಳುವವರು) ಆಗಿ ಸೇರುತ್ತಿದ್ದೇನೆ, ಯಾವ ಯೋಗ, ಯಾವ ಡಯಟ್ ಎಂದು ಕೇಳಿದ್ದೀರಿ. ಸೇರುವಾಗ ನಾನೂ ಅದನ್ನೇ ಕೇಳಿದ್ದೆ. ಯೋಗ ಆಮೇಲೆ ನೋಡುವ ಮಾರಾಯ್ರೆ, ರಕ್ತದಿಂದ ಅಂಟುವ ಲಿವರ್ ರೋಗ ಹೆಪಟೈಟಿಸ್ ಬಿ, ಅದರ ಲಸಿಕೆ ಮೂರೂ ಡೋಸ್ ಆಗಿದೆಯಾ? ಈ ಕೆಲಸದಲ್ಲಿ ರೋಗಿಗೆ ಹಾಕಿದ ಸೂಜಿ ನಮಗೇ ಚುಚ್ಚಬಹುದು, ನನಗೆ ಚುಚ್ಚಿತು.

ಪಡುಬಿದ್ರಿ ದಾಟುವಾಗ ಓಡುವ ಗಾಡಿಯಲ್ಲೇ ರೋಗಿಯ ರಕ್ತನಾಳಕ್ಕೆ ಐವಿ (ಡ್ರಿಪ್) ಹಾಕಿ, ಸೂಜಿಗೆ ವಾಪಸ್ ಕ್ಯಾಪ್ ತೊಡಿಸಲು ಹೋಗಿ ತೋರುಬೆರಳಿಗೆ ಚುಚ್ಚಿಕೊಂಡೆ. ಅದು ತಪ್ಪೇ, ಆದರೆ ದುಬಾರಿಯಾದದ್ದು ಅದಲ್ಲ. ಬೆರಳು ಹಿಂಡಿ, ಸ್ಪಿರಿಟ್ ಸುರಿದು, 'ಡ್ಯೂಟಿ ಮುಗಿಯಲಿ' ಅಂತ ಕೂತೆ. ಹಿಂಡಿದರೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಗಾಯ ಮಾತ್ರ ಕೆಡುತ್ತದೆ. ಸಾಬೂನು, ಹರಿಯುವ ನೀರು ಸಾಕು. ಕಣ್ಣಿಗೆ ರಕ್ತ ಸಿಡಿದರೆ ಸಾಬೂನೂ ಬೇಡ, ಬರೀ ನೀರು ಅಥವಾ ಸಲೈನ್.

ಕಾದು ಕೂತದ್ದೇ ದೊಡ್ಡ ತಪ್ಪು. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. 72 ಗಂಟೆ ಎನ್ನುವುದು ಕೊನೆಯ ಗಡಿ, 'ನಾಳೆ ಹೋಗುವ' ಎನ್ನಲು ಕೊಟ್ಟ ಪುರುಸೊತ್ತಲ್ಲ. ನಾನು ಹೋದಾಗ 14 ಗಂಟೆ ಕಳೆದಿತ್ತು, ರೋಗಿ ಮನೆಗೆ ಹೋಗಿಯಾಗಿತ್ತು. ಅವರ ರಕ್ತ ಪರೀಕ್ಷೆಯಲ್ಲಿ ನೆಗೆಟಿವ್ ಬಂದಿದ್ದರೆ ಮಾತ್ರೆ ನಿಲ್ಲಿಸಬಹುದಿತ್ತು. ಪರೀಕ್ಷೆಯೇ ಆಗದ್ದಕ್ಕೆ 28 ದಿನವೂ ನುಂಗಿದೆ. ಹಾಗಾಗಿ ರೋಗಿಯನ್ನು ಕ್ಯಾಶುವಲ್ಟಿಗೆ ಒಪ್ಪಿಸುವಾಗಲೇ ಡಾಕ್ಟರಿಗೆ ಹೇಳಿ, ರಿಜಿಸ್ಟರ್‌ನಲ್ಲಿ ಬರೆಸಿ.

ಎಲ್ಲರೂ ಹೆದರುವುದು ಎಚ್‌ಐವಿಗೆ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದರೂ ಅದು ಅಂಟುವುದು ಸಾವಿರಕ್ಕೆ ಸುಮಾರು ಮೂವರಿಗೆ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಅಂಟುವುದು ನೂರಕ್ಕೆ 6ರಿಂದ 30 ಮಂದಿಗೆ! ಲಸಿಕೆ ಇವತ್ತು ಒಂದು, ಒಂದು ತಿಂಗಳಾದ ಮೇಲೆ ಇನ್ನೊಂದು, ಆರನೇ ತಿಂಗಳಿಗೆ ಒಂದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ, ಲಸಿಕೆ ಹಿಡಿದಿದೆಯಾ ಎಂದು ತೋರಿಸುವ ಆಂಟಿ-ಎಚ್‌ಬಿಎಸ್ ರಕ್ತ ಪರೀಕ್ಷೆ ಮಾಡಿಸಿ, 10 mIU/mL ಅಥವಾ ಮೇಲೆ ಬರಬೇಕು. ಇದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಲಸಿಕೆ ಇಲ್ಲದೆ ಚುಚ್ಚಿಕೊಂಡರೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಬೇಕಾಗಬಹುದು, ಡಾಕ್ಟರನ್ನು ನೀವೇ ಕೇಳಿ.

ಗಾಡಿಯೊಳಗೆ: ಕ್ಯಾಪ್ ವಾಪಸ್ ಹಾಕಲೇಬೇಡಿ. ಬಳಸಿದ ಸೂಜಿ ಹಾಕುವ ಬಿಳಿ ಶಾರ್ಪ್ಸ್ ಡಬ್ಬ ಕೂತಲ್ಲಿಂದಲೇ ಕೈಗೆಟಕಬೇಕು, ಮುಕ್ಕಾಲು ತುಂಬಿದರೆ ಬದಲಿಸಿ. ನಮ್ಮ ಕರಾವಳಿ ಸೆಕೆಗೆ ಗ್ಲೌಸಿನೊಳಗೆ ಬೆವರು ನಿಂತು ಬೆರಳು ಜಾರುತ್ತದೆ, ಅಳತೆ ಸರಿ ಇರುವುದನ್ನೇ ಕೇಳಿ ಪಡೆಯಿರಿ. ಐವಿ ಹಾಕುವಾಗ ಪೈಲಟ್‌ಗೆ (ಆಂಬುಲೆನ್ಸ್ ಡ್ರೈವರ್‌ಗೆ) ಹೇಳಿ ಅರ್ಧ ನಿಮಿಷ ಬದಿಗೆ ನಿಲ್ಲಿಸಿ. ಹೆದ್ದಾರಿ 66ರ ಹೊಂಡಕ್ಕೆ ನಿಮ್ಮ ಸೂಜಿ ಗೊತ್ತಾಗುವುದಿಲ್ಲ.

ಡಯಟ್? ರಾತ್ರಿ ಪಾಳಿಗೆ ಗಂಜಿ, ಚಟ್ನಿ ಕಟ್ಟಿಕೊಂಡು ಹೋಗಿ, ಪರೋಟ ಬೇಡ.